ನವಜಾತ ಶಿಶುವಿನ ಮಿದುಳು ಮತ್ತು ಶೀತಲ ಚಿಕಿತ್ಸೆ

ಹೆರಿಗೆಯ ವೇಳೆ ಆಮ್ಲಜನಕದ ಕೊರತೆಗೊಳಗಾದ ಶಿಶುವಿನ ಮಿದುಳಿನ ಕೋಶಗಳೆಲ್ಲವೂ ಕೂಡಲೇ ಸಾಯುವುದಿಲ್ಲ. ಎಷ್ಟೋ ಕೋಶಗಳು ಕೆಲವು ಗಂಟೆಗಳ ಬಳಿಕ ನಶಿಸುತ್ತವೆ. ಅವುಗಳನ್ನು ಉಳಿಸಲು, ಜನಿಸಿದ 6 ಗಂಟೆಗಳೊಳಗೆ ಶಿಶುವಿನ ದೇಹವನ್ನು ಸುಮಾರು 33.5 ಡಿಗ್ರಿ ಸೆಲ್ಸಿಯಸ್‌ಗೆ ತಂಪುಗೊಳಿಸಿ 72 ಗಂಟೆ ಹಾಗೆಯೇ ಇರಿಸುವುದೇ ಶೀತಲ ಚಿಕಿತ್ಸೆ. ಶ್ರೀಮಂತ ರಾಷ್ಟ್ರಗಳಲ್ಲಿ ಇದು ಸಾವು, ಅಂಗವೈಕಲ್ಯಗಳನ್ನು ತಗ್ಗಿಸಿತು.

ನಮ್ಮಲ್ಲಿ ಫಲ ಬೇರೆಯಾಯಿತು. ಮುಂಬಯಿಯ ಮಾಟುಂಗಕ್ಕೆ ಸಮೀಪದ ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮೊದಲಾದವು ಪಾಲ್ಗೊಂಡ, ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಶಿಶುಗಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ತಂಪುಗೊಳಿಸಿದ ಶಿಶುಗಳಲ್ಲಿ ಶೇಕಡಾ 42, ಉಳಿದವರಲ್ಲಿ ಶೇಕಡಾ 31 ಅಸುನೀಗಿದ್ದವು. ಇಲ್ಲಿನ ಅನೇಕ ಶಿಶುಗಳಲ್ಲಿ ಹಾನಿ ಹೆರಿಗೆಗೆ ಮುನ್ನವೇ ಆರಂಭವಾಗಿರಬಹುದು.

ಆದುದರಿಂದ ಗರ್ಭಿಣಿಯ ನಿಯತ ತಪಾಸಣೆಯೇ ಮುಖ್ಯ. ಉಸಿರಾಡದ ಶಿಶುವಿಗೆ ಮೊದಲ ಒಂದು ನಿಮಿಷದೊಳಗೆ ಗಾಳಿಚೀಲ ಮತ್ತು ಮುಖವಾಡದಿಂದ ಉಸಿರು ಕೊಡಬಲ್ಲ ಸಿಬ್ಬಂದಿಯಿರುವ ಆಸ್ಪತ್ರೆಯಲ್ಲಿಯೇ ಹೆರಿಗೆ ನಡೆಯಬೇಕು.