ಗ್ರಾಫಿಕ್ಸ್ ಕಾರ್ಡಿನ ಸಾಲಾವಳಿ

‘ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು’ ಎಂದರು ನಮ್ಮ ಹಿರಿಯರು. ಅವರು ಗಣಕಯಂತ್ರವನ್ನು ಕಂಡಿದ್ದರೆ ‘ಗ್ರಾಫಿಕ್ಸ್ ಕಾರ್ಡು ಹಾಕಿಸಿ ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೇನೋ! ಮದುವೆಗೆ ಮುನ್ನ ಸಾಲಾವಳಿ ನೋಡುತ್ತಾರೆ; ಮನೆಗೆ ಮುನ್ನ ಆಯ ನೋಡುತ್ತಾರೆ. ಆದರೆ ಒಂದು ಋತುವಿನ ಉಳಿತಾಯವನ್ನೆಲ್ಲ ಸುರಿದು ಕಾರ್ಡೊಂದನ್ನು ಕೊಳ್ಳುವಾಗ, ಅದು ತಾನು ಸೇರಬೇಕಾದ ಯಂತ್ರದೊಡನೆ ಕೂಡಿ ಬಾಳುವುದೇ ಎಂದು ವಿಚಾರಿಸುವವರು ವಿರಳ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಅಡಿಕೆಯ ತೋಟ, ಯಕ್ಷಗಾನ ಮತ್ತು ಮಳೆ. ಆದರೆ ಈ ಊರುಗಳ ಪೇಟೆಬೀದಿಗಳಲ್ಲಿ ಮಹಡಿಯ ಮೇಲೊಂದು ಫೋಟೋ ಸ್ಟುಡಿಯೋ, ಪಕ್ಕದ ಓಣಿಯಲ್ಲೊಂದು ಮುದ್ರಣಾಲಯ, ಅದರಾಚೆ ಮನೆಯ ನಕ್ಷೆ ಬರೆಯುವ ಎಂಜಿನಿಯರರ ಕೊಠಡಿಗಳೂ ಉಂಟು. ಇವರೆಲ್ಲರ ಅನ್ನವು ಮೇಜಿನ ಕೆಳಗೆ ಗುಂಯ್‌ಗುಡುವ ಪೆಟ್ಟಿಗೆಯೊಂದನ್ನು ಅವಲಂಬಿಸಿದೆ. ವೈಶಾಖದ ಮದುವೆ ಮುಂಜಿಗಳು, ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬೆಯ ಜಾತ್ರೆ, ಬೆಳಗಿನವರೆಗೆ ನಡೆಯುವ ಬಡಗುತಿಟ್ಟಿನ ಆಟ – ಇವೆಲ್ಲವೂ ಕ್ಯಾಮರಾದಿಂದ ಹೊರಬಂದು ಈ ಪೆಟ್ಟಿಗೆಯ ಮೂಲಕವೇ ಜನರ ಕೈಸೇರಬೇಕು.

ಇಂಥ ಊರಿನಲ್ಲಿ ಒಂದು ತಪ್ಪು ಕಾರ್ಡಿನ ಬೆಲೆ ಅದರ ಚೀಟಿಯ ಮೇಲೆ ಬರೆದಷ್ಟೇ ಅಲ್ಲ. ಬೆಂಗಳೂರಿನವನು ಬೆಳಿಗ್ಗೆ ಕೊಂಡದ್ದನ್ನು ಸಂಜೆಯೊಳಗೆ ಎಸ್.ಪಿ. ರಸ್ತೆಗೆ ಒಯ್ದು ವಿಚಾರಿಸಬಲ್ಲನು. ಶಿರಸಿಗೆ ಬೆಂಗಳೂರು ಸುಮಾರು 400 ಕಿಲೋಮೀಟರು. ಹುಬ್ಬಳ್ಳಿಯೂ ಸುಮಾರು 100 ಕಿಲೋಮೀಟರು. ಊರಿಗೆ ರೈಲು ಬೇರೆ ಇಲ್ಲ. ಕಾರ್ಡು ಕೊರಿಯರ್‌ನಲ್ಲಿ ಹೋಗಿ ಬರುವಷ್ಟರಲ್ಲಿ ಲಗ್ನದ ದಿನಗಳು ಕಳೆದುಹೋಗುತ್ತವೆ. ವಿಡಿಯೋ ಕೇಳಲು ಬಂದ ಹೆಣ್ಣಿನ ತಂದೆಗೆ ‘ಇನ್ನೊಂದು ವಾರ, ರಾಯರೇ’ ಎಂದು ಮೂರನೆಯ ಸಲ ಹೇಳಬೇಕಾಗಿ ಬರುವುದು ಕಾರ್ಡಿನ ಬೆಲೆಗಿಂತ ದೊಡ್ಡ ನಷ್ಟ.

ಕಾರ್ಡು ಮಾಡುವ ಕೆಲಸ

ಈ ಕಾರ್ಡಿನ ಅವಶ್ಯಕತೆಯಾದರೂ ಏನು? 4ಕೆ ಎಂದು ಕರೆಯುವ ಚಿತ್ರದ ಒಂದೊಂದು ಚೌಕಟ್ಟಿನಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಬಿಂದುಗಳಿರುತ್ತವೆ. ಒಟ್ಟು 82 ಲಕ್ಷಕ್ಕೂ ಮೇಲೆ. ಸೆಕೆಂಡಿಗೆ 25 ಚೌಕಟ್ಟುಗಳಾದರೆ ಇಪ್ಪತ್ತು ಕೋಟಿಗೂ ಮೀರಿದ ಬಿಂದುಗಳು. ವಧುವಿನ ಸೀರೆಯ ಬಣ್ಣವನ್ನು ಒಂದಿಷ್ಟು ತಿದ್ದಿದರೂ ಈ ಬಿಂದುಗಳೆಲ್ಲಕ್ಕೂ ಲೆಕ್ಕ ಮಾಡಬೇಕು. ಗಣಕದ ಮುಖ್ಯ ಸಂಸ್ಕಾರಕವು ಕೆಲವೇ ಮಂದಿ ಮಹಾಪಂಡಿತರಿದ್ದಂತೆ. ಗ್ರಾಫಿಕ್ಸ್ ಕಾರ್ಡು ಸಾವಿರಾರು ಮಂದಿ ಆಳುಗಳು ಒಂದೇ ಕೆಲಸಕ್ಕೆ ಏಕಕಾಲದಲ್ಲಿ ಕೈಹಾಕಿದಂತೆ. ಕೊನೆಕೊಯ್ಲಿನ ದಿನ ಅಡಿಕೆ ಸುಲಿಯುವುದಕ್ಕೆ ಪಂಡಿತರಿಗಿಂತ ಆಳುಗಳೇ ಬೇಕಲ್ಲವೇ?

ಆದರೆ ಆಳುಗಳು ಬಂದ ಮಾತ್ರಕ್ಕೆ ಕೆಲಸ ಸಾಗದು. ಅವರಿಗೆ ಕೂರಲು ಜಾಗ, ಹೊಟ್ಟೆಗೆ ಅನ್ನ, ಅವರ ಭಾಷೆ ಬಲ್ಲ ಯಜಮಾನ – ಈ ಮೂರೂ ಬೇಕು. ಕಾರ್ಡಿನ ಮಟ್ಟಿಗೆ ಜಾಗವೆಂದರೆ ಕ್ಯಾಬಿನೆಟ್, ಅನ್ನವೆಂದರೆ ವಿದ್ಯುತ್ತು, ಭಾಷೆಯೆಂದರೆ ಡ್ರೈವರ್ ಎಂಬ ತಂತ್ರಾಂಶ. ಬಹುಪಾಲು ಮನಸ್ತಾಪಗಳು ಹುಟ್ಟುವುದು ಈ ಮೂರರಲ್ಲಿಯೇ.

ಜಾಗ ಮತ್ತು ಅನ್ನ

ಕಡಿಮೆ ಬೆಲೆಗೆ ದೊರೆಯುತ್ತವೆಂದು ದೊಡ್ಡ ಕಚೇರಿಗಳು ಬಳಸಿ ಬಿಟ್ಟ ಕಂಪನಿ ಗಣಕಗಳನ್ನು ಕೊಳ್ಳುವವರು ಅನೇಕ. ಯಂತ್ರವೇನೋ ಗಟ್ಟಿಮುಟ್ಟು. ಆದರೆ ಅದರ ಪೆಟ್ಟಿಗೆ ತೆಳ್ಳಗೆ. ಪೂರ್ಣ ಎತ್ತರದ ಕಾರ್ಡು ಅದರಲ್ಲಿ ಹಿಡಿಸದು. ಒಳಗಿನ ಎಸ್‌ಎಂಪಿಎಸ್ 200 ವಾಟಿನ ಆಸುಪಾಸಿನದು. ಅದನ್ನು ತೆಗೆದು ಪೇಟೆಯ ಬೇರೊಂದನ್ನು ಹಾಕೋಣವೆಂದರೆ ಅದರ ಆಕಾರವೂ ಬೇರೆ, ಜೋಡಣೆಯೂ ಬೇರೆ. ‘ಕಾರ್ಡು ಸರಿಯಾಗಿಯೇ ಇದೆ ಹೆಗಡೇರೇ, ನಿಮ್ಮ ಪೆಟ್ಟಿಗೆಯೇ ಸಣ್ಣದಾಯಿತು’ ಎಂದು ರಿಪೇರಿಯವನು ಹೇಳಿದರೆ ಹೆಗಡೆಯವರು ಉತ್ತರವೇನು ಕೊಟ್ಟಾರು?

ವಿದ್ಯುತ್ತಿನ ಲೆಕ್ಕ ಕಷ್ಟದ್ದಲ್ಲ. ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಎಂಬ ಸಂದಿಯಿಂದ ಕಾರ್ಡಿಗೆ ದೊರೆಯಬಹುದಾದದ್ದು ಹೆಚ್ಚೆಂದರೆ 75 ವಾಟ್. ಅದಕ್ಕಿಂತ ಹೆಚ್ಚು ಬೇಕಾದವಕ್ಕೆ ಎಸ್‌ಎಂಪಿಎಸ್‌ನಿಂದ ಬೇರೆ ತಂತಿ ಬರಬೇಕು; ಆರು ಪಿನ್ನಿನ ತಂತಿ ಇನ್ನೊಂದು 75 ವಾಟನ್ನೂ, ಎಂಟು ಪಿನ್ನಿನದು 150 ವಾಟನ್ನೂ ಕೊಡಲು ನಿಗದಿಯಾಗಿದೆ. 2021ರಲ್ಲಿ ಬಂದು ಸಂಕಲನಕಾರರ ಮೆಚ್ಚುಗೆ ಗಳಿಸಿದ ಎನ್‌ವಿಡಿಯಾದ ಆರ್‌ಟಿಎಕ್ಸ್ 3060 ಕಾರ್ಡು ತಾನೊಂದೇ 170 ವಾಟ್ ಬೇಡುತ್ತದೆ. ಇಡೀ ಗಣಕಕ್ಕೆ 550 ವಾಟಿನ ಎಸ್‌ಎಂಪಿಎಸ್ ಇರಲಿ ಎಂಬುದು ತಯಾರಕರ ಸಲಹೆ. 200 ವಾಟಿನ ಪೆಟ್ಟಿಗೆಗೆ ಇದನ್ನು ತಂದರೆ ಪಾವಕ್ಕಿ ಅನ್ನದಲ್ಲಿ ಪಂಕ್ತಿಗೆಲ್ಲ ಬಡಿಸಲು ಹೊರಟಂತೆ.

ಮಲೆನಾಡಿನಲ್ಲಿ ಇನ್ನೊಂದು ಸಂಗತಿಯುಂಟು. ಆಷಾಢದ ಗಾಳಿಗೆ ಮರ ಮುರಿದು ತಂತಿಯ ಮೇಲೆ ಬೀಳುವುದೂ, ದೀಪ ಹೋಗುವುದೂ ಇಲ್ಲಿ ಹೊಸತಲ್ಲ. ಆದುದರಿಂದ ಯುಪಿಎಸ್ ಇಲ್ಲದ ಸ್ಟುಡಿಯೋ ಇಲ್ಲ. ಆದರೆ 600 ವಿಎ ಎಂದು ಬರೆದ ಯುಪಿಎಸ್ ಸಾಮಾನ್ಯವಾಗಿ ಹೊರಬಲ್ಲುದು 360 ವಾಟ್ ಮಾತ್ರ. ಹಳೆಯ ಗಣಕಕ್ಕೆ ಅದು ಧಾರಾಳವಾಗಿತ್ತು. ಹೊಸ ಕಾರ್ಡು ಬಂದ ಮೇಲೆ, ವಿಡಿಯೋ ಸಿದ್ಧವಾಗುತ್ತಿರುವ ಹೊತ್ತಿನಲ್ಲೇ ದೀಪ ಹೋದರೆ, ಯುಪಿಎಸ್ ಒಮ್ಮೆ ಕಿರುಚಿ ಕೈಬಿಡುತ್ತದೆ. ಕಾರ್ಡಿನ ಲೆಕ್ಕದಲ್ಲಿ ಯುಪಿಎಸ್ಸಿನ ಲೆಕ್ಕವೂ ಸೇರಬೇಕೆಂಬುದು ಆಗ ಅರಿವಾಗುತ್ತದೆ.

ಹಳೆಯ ಮನೆ, ಹೊಸ ಸೊಸೆ

ಮುದ್ರಣಾಲಯಗಳ ಕಥೆ ಬೇರೆ ತೆರನಾದದ್ದು. ಕನ್ನಡದ ಲಗ್ನಪತ್ರಿಕೆ, ಕರಪತ್ರ, ಸಂಘದ ವಾರ್ಷಿಕ ವರದಿ – ಇವುಗಳ ಅಕ್ಷರಜೋಡಣೆ ಬಹುಕಾಲ ನಡೆದದ್ದು ಪೇಜ್‌ಮೇಕರ್ ಎಂಬ ತಂತ್ರಾಂಶದಲ್ಲಿ. ಅದರ ಕೊನೆಯ ಆವೃತ್ತಿಯಾದ 7.0 ಹೊರಬಂದದ್ದು 2001ರಲ್ಲಿ. ಅದು ಯೂನಿಕೋಡ್ ಕನ್ನಡವನ್ನು ಅರಿಯದು. ನುಡಿ, ಶ್ರೀಲಿಪಿ ಮೊದಲಾದವುಗಳ ಹಳೆಯ ಬಗೆಯ ಅಕ್ಷರಗಳಲ್ಲಿ ವರ್ಷಗಟ್ಟಲೆ ಕೂಡಿಟ್ಟ ಕಡತಗಳು ಒಂದೊಂದು ಮುದ್ರಣಾಲಯದಲ್ಲಿ ಸಾವಿರಗಟ್ಟಲೆ ಇರುತ್ತವೆ. ಆ ಕಡತಗಳಿಗಾಗಿ ಆ ತಂತ್ರಾಂಶ, ಆ ತಂತ್ರಾಂಶಕ್ಕಾಗಿ ಹಳೆಯ ವಿಂಡೋಸ್, ಆ ವಿಂಡೋಸಿಗಾಗಿ ಹಳೆಯ ಗಣಕ – ಹೀಗೆ ಒಂದರ ಕೊರಳಿಗೊಂದು ಕಟ್ಟಿಕೊಂಡಿವೆ.

ಅಂಥ ಗಣಕದ ಕಾರ್ಡು ಒಂದು ದಿನ ಕಣ್ಣುಮುಚ್ಚಿತೆನ್ನಿ. ಪೇಟೆಯಲ್ಲಿ ಇರುವುದು ಹೊಸ ಕಾರ್ಡು. ಅದರ ಪೆಟ್ಟಿಗೆಯಲ್ಲಿ ಹಳೆಯ ವಿಂಡೋಸಿನ ಡ್ರೈವರೇ ಇಲ್ಲ. ಎನ್‌ವಿಡಿಯಾ ಸಂಸ್ಥೆಯು 32 ಬಿಟ್ ವಿಂಡೋಸುಗಳಿಗೆ ಹೊಸ ಡ್ರೈವರುಗಳನ್ನು ಒದಗಿಸುವುದನ್ನು 2018ರಲ್ಲಿಯೇ ನಿಲ್ಲಿಸಿತು; ವಿಂಡೋಸ್ 7ಕ್ಕೆ ಹೊಸ ಸೌಕರ್ಯಗಳ ಡ್ರೈವರುಗಳು 2021ರಲ್ಲಿ ನಿಂತವು. ಮಾನಿಟರಿನದೂ ಇದೇ ಗೋಳು. ಹಿಂದಿನ ಮಾನಿಟರುಗಳ ನೀಲಿ ಬಣ್ಣದ ವಿಜಿಎ ತಂತಿಯನ್ನು ಅದೇ ಸಂಸ್ಥೆಯ 2016ರ ಜಿಟಿಎಕ್ಸ್ 10 ಮಾಲಿಕೆಯ ಕಾರ್ಡುಗಳು ಒಪ್ಪುವುದಿಲ್ಲ. ನಡುವೆ ಸಂಕೇತವನ್ನೇ ಮಾರ್ಪಡಿಸುವ ಅಡಾಪ್ಟರ್ ಬೇಕು. ಹತ್ತಿರದ ಅಂಗಡಿಯ ಅಗ್ಗದ ತಿರುವುಗೊಂಡಿಯಿಂದ ಆಗದು. ಹೊಸ ಕಾರ್ಡು ಹಾಕಿ, ಗುಂಡಿ ಒತ್ತಿ, ಕಪ್ಪು ಪರದೆಯ ಮುಂದೆ ಕುಳಿತವನಿಗೆ ಕಾರ್ಡು ಕೆಟ್ಟಿದೆಯೆಂದೇ ತೋರುವುದು ಸಹಜ. ಕಾರ್ಡು ಕೆಟ್ಟಿಲ್ಲ, ಮನೆಯವರಿಗೂ ಅದಕ್ಕೂ ಮಾತು ಕೂಡಿಲ್ಲ, ಅಷ್ಟೆ.

ಇದಕ್ಕೆ ಜಾಣರಾದ ಮುದ್ರಕರು ಕಂಡುಕೊಂಡ ಉಪಾಯವೆಂದರೆ ಹಳೆಯ ಗಣಕವನ್ನು ಇದ್ದಂತೆಯೇ ಬಿಟ್ಟು, ಹೊಸ ಕೆಲಸವನ್ನು ಹೊಸ ಯಂತ್ರದಲ್ಲಿ ಯೂನಿಕೋಡ್‌ನಲ್ಲಿಯೇ ಆರಂಭಿಸುವುದು. ಹಳೆಯ ಕಡತಗಳನ್ನು ಬಿಡುವಾದಾಗ ಪರಿವರ್ತಕಗಳ ಮೂಲಕ ಬದಲಿಸಿಕೊಳ್ಳುವುದು. ಒಂದೇ ಯಂತ್ರದಲ್ಲಿ ಎರಡು ಕಾಲಗಳನ್ನು ಬಾಳಿಸಲು ಹೋದವರು ಎರಡನ್ನೂ ಕಳೆದುಕೊಂಡಾರು.

ಹೆಚ್ಚು ಬೆಲೆ ತೆತ್ತರೂ ತಡವರಿಕೆ

ಎಲ್ಲಕ್ಕಿಂತ ಸೋಜಿಗದ ತೊಡಕು ವಿಡಿಯೋ ಸಂಕಲನಕಾರರದು. ಈಚಿನ ಕ್ಯಾಮರಾಗಳು ಎಚ್.265 ಎಂಬ ಸಂಕೋಚನದಲ್ಲಿ, 10 ಬಿಟ್, 4:2:2 ಎಂಬ ಬಗೆಯ ಚಿತ್ರವನ್ನು ಹಿಡಿಯಬಲ್ಲವು. 10 ಬಿಟ್ ಎಂದರೆ ಒಂದೊಂದು ಮೂಲವರ್ಣಕ್ಕೂ 256ರ ಬದಲು 1024 ಛಾಯೆಗಳು. 4:2:2 ಎಂದರೆ ಸಾಮಾನ್ಯ ಬಗೆಗಿಂತ ಎರಡರಷ್ಟು ಬಣ್ಣದ ವಿವರ. ಮಂಟಪದ ಮಂದ ಬೆಳಕಿಗೆ ಇದು ವರವೇ ಸರಿ. ಆದರೆ ಈ ಬಗೆಯ ಚಿತ್ರವನ್ನು ಬಿಡಿಸಿ ಓದುವ ಅಂಗ ಎನ್‌ವಿಡಿಯಾ ಕಾರ್ಡುಗಳಿಗೆ ದೊರೆತದ್ದು 2025ರ ಆರ್‌ಟಿಎಕ್ಸ್ 50 ಮಾಲಿಕೆಯಿಂದ ಈಚೆಗೆ. ಅದಕ್ಕಿಂತ ಹಿಂದಿನ ಕಾರ್ಡು ಎಷ್ಟೇ ದುಬಾರಿಯಾಗಿರಲಿ, ಈ ಚಿತ್ರವನ್ನು ಮುಖ್ಯ ಸಂಸ್ಕಾರಕದ ತಲೆಗೆ ಹೊರಿಸಿ ಸುಮ್ಮನಾಗುತ್ತದೆ. ಚಿತ್ರ ತಡವರಿಸುತ್ತದೆ, ತಾಳಿ ಕಟ್ಟುವ ಕ್ಷಣ ಪರದೆಯ ಮೇಲೆ ನಿಂತು ನಿಂತು ನಡೆಯುತ್ತದೆ.

ಇದರೊಳಗಿನ ಸ್ವಾರಸ್ಯವೇನೆಂದರೆ, 2021ರಲ್ಲಿ ಬಂದ ಇಂಟೆಲ್‌ನ ಹನ್ನೊಂದನೆಯ ತಲೆಮಾರಿನಿಂದ ಈಚಿನ ಮೇಜುಗಣಕದ ಸಂಸ್ಕಾರಕಗಳೊಳಗಿನ ಪುಟ್ಟ ಗ್ರಾಫಿಕ್ಸ್ ಭಾಗವು ಈ ಕೆಲಸವನ್ನು ಸಲೀಸಾಗಿ ಮಾಡಬಲ್ಲುದು. ಆದರೆ ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿರುವ ಸಂಸ್ಕಾರಕಗಳಲ್ಲಿ ಆ ಭಾಗವೇ ಇಲ್ಲ. ಬೆಲೆ ಒಂದಿಷ್ಟು ಇಳಿಯುವುದೆಂದೂ, ‘ಹೇಗೂ ಬೇರೆ ಕಾರ್ಡು ಹಾಕುತ್ತೇವಲ್ಲ’ ಎಂದೂ ಅದನ್ನು ಕೊಂಡವರು, ತಮಗೆ ಬೇಕಾಗಿದ್ದ ಅಂಗವನ್ನೇ ಬಿಟ್ಟು ಬಂದಿರುತ್ತಾರೆ.

ಅಗ್ಗದ ಕಾರ್ಡುಗಳಲ್ಲಿಯೂ ಇಂಥ ಹೊಂಡಗಳಿವೆ. 2017ರ ಜಿಟಿ 1030, 2022ರಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ – ಇವೆರಡರಲ್ಲಿಯೂ ಸಿದ್ಧವಾದ ವಿಡಿಯೋವನ್ನು ವೇಗವಾಗಿ ಸಂಕೋಚಿಸುವ ಯಂತ್ರಾಂಗವಿಲ್ಲ. ಎರಡನೆಯದು ಸಂದಿಯ ಹದಿನಾರು ದಾರಿಗಳಲ್ಲಿ ನಾಲ್ಕನ್ನು ಮಾತ್ರ ಬಳಸುವುದರಿಂದ, ಹಳೆಯ ಮದರ್‌ಬೋರ್ಡಿನಲ್ಲಿ ಅದರ ನಡಿಗೆ ಇನ್ನಷ್ಟು ನಿಧಾನ. ಆಟವಾಡುವವನಿಗೆ ಈ ಕೊರತೆ ಅಷ್ಟಾಗಿ ತಿಳಿಯದು. ಇಡೀ ರಾತ್ರಿಯ ಆಟವನ್ನು ಕಡತವಾಗಿಸಬೇಕಾದವನಿಗೆ ಚೆನ್ನಾಗಿ ತಿಳಿಯುತ್ತದೆ. ಇನ್ನು ಹಳೆಯ ಮಾಲಿನ ಮಾತು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ಗುಪ್ತನಾಣ್ಯವು ತನ್ನ ಪದ್ಧತಿಯನ್ನು ಬದಲಿಸಿದಾಗ, ಹಗಲಿರುಳು ಅದಕ್ಕಾಗಿ ದುಡಿದ ಕಾರ್ಡುಗಳು ರಾಶಿರಾಶಿಯಾಗಿ ಪೇಟೆಗೆ ಬಂದವು. ಎಲ್ಲವೂ ಕೆಟ್ಟವೆನ್ನಲಾಗದು, ಆದರೆ ಎತ್ತಿನ ಹಲ್ಲು ನೋಡದೆ ಸಂತೆಯಲ್ಲಿ ಹಣ ಎಣಿಸುವವರುಂಟೇ?

ಕೊಳ್ಳುವ ಮುನ್ನ

ಹಾಗಾದರೆ ಮಾಡಬೇಕಾದುದೇನು? ಮೊದಲು ಕೆಲಸವನ್ನು ಹೇಳಬೇಕು, ಆಮೇಲೆ ಕಾರ್ಡಿನ ಹೆಸರನ್ನು ಕೇಳಬೇಕು. ಫೋಟೋ ತಿದ್ದುವುದಷ್ಟೇ ಕೆಲಸವಾದರೆ ದೊಡ್ಡ ಕಾರ್ಡು ಬೇಡ. 75 ವಾಟಿನೊಳಗೇ ನಡೆಯುವ, ಬೇರೆ ತಂತಿ ಬೇಡದ ಕಾರ್ಡುಗಳಿವೆ. ಬಣ್ಣ ತಿದ್ದುವ ಭಾರಿ ತಂತ್ರಾಂಶ ಬಳಸುವವರು ಕಾರ್ಡಿನ ವೇಗಕ್ಕಿಂತ ಮೊದಲು ಅದರ ಸ್ಮರಣೆಯನ್ನು ನೋಡಬೇಕು. 4 ಜಿಬಿಯದರಲ್ಲಿ ‘ಸ್ಮರಣೆ ತುಂಬಿತು’ ಎಂಬ ಸೂಚನೆ ಪದೇ ಪದೇ ಬರುವ ಕಡೆ 12 ಜಿಬಿಯದು ಮೌನವಾಗಿ ದುಡಿಯುತ್ತದೆ. ಕ್ಯಾಮರಾದವರು ತಮ್ಮ ಕ್ಯಾಮರಾದಲ್ಲಿಯೇ ಹಿಡಿದ ತುಣುಕೊಂದನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅಂಗಡಿಯ ಯಂತ್ರದಲ್ಲಿ ಓಡಿಸಿ ನೋಡುವುದು ಎಲ್ಲಕ್ಕಿಂತ ಉತ್ತಮ ಪರೀಕ್ಷೆ.

ಬಳಿಕ ಕ್ಯಾಬಿನೆಟ್‌ನ ಒಳಉದ್ದವನ್ನು ಟೇಪು ಹಿಡಿದು ಅಳೆಯಬೇಕು. ಎಸ್‌ಎಂಪಿಎಸ್ ಮೇಲಿನ ಚೀಟಿ, ಮದರ್‌ಬೋರ್ಡಿನ ಹೆಸರು, ಮಾನಿಟರಿನ ಹಿಂಬದಿಯ ಸಂದಿ – ಈ ಮೂರರ ಚಿತ್ರವನ್ನು ಫೋನಿನಲ್ಲಿ ಹಿಡಿದು ಅಂಗಡಿಕಾರನಿಗೆ ತೋರಿಸಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ, ಹಳೆಯ ಯಂತ್ರಕ್ಕೆ ಹಣ ಸುರಿಯುವ ಮುನ್ನ ಅದು ವಿಂಡೋಸ್ 11ನ್ನು ಹೊತ್ತೀತೇ ಎಂಬುದನ್ನೂ ಕೇಳಿಕೊಳ್ಳಬೇಕು. ಕೆಲಸದ ಋತುವಿನ ನಡುವೆ ಡ್ರೈವರ್ ಬದಲಿಸಬಾರದು. ಸರಿಯಾಗಿ ನಡೆಯುತ್ತಿರುವ ಡ್ರೈವರಿನ ಪ್ರತಿಯೊಂದನ್ನು ಬೇರೆಡೆ ಕಾದಿಡಬೇಕು. ಬದಲಾಯಿಸುವುದಾದರೆ ಮಳೆಗಾಲದ ಬಿಡುವು ಇದ್ದೇ ಇದೆಯಲ್ಲ!

ಇಷ್ಟೆಲ್ಲ ಕೇಳಿದರೆ ಅಂಗಡಿಯವನು ಬೇಸರಪಟ್ಟಾನೆಂಬ ಸಂಕೋಚ ಬೇಡ. ನಿಜವಾದ ಅಂಗಡಿಕಾರನು ಗಿರಾಕಿ ಕೇಳುವ ಮೊದಲೇ ಈ ಪ್ರಶ್ನೆಗಳನ್ನು ತಾನೇ ಕೇಳುತ್ತಾನೆ. ಕೆಲವೊಮ್ಮೆ ‘ನಿಮಗೆ ಈ ಕಾರ್ಡು ಬೇಡ, ಎಸ್‌ಎಂಪಿಎಸ್ ಬದಲಿಸಿದರೆ ಸಾಕು’ ಎಂದು ಕೈಗೆ ಬಂದ ವ್ಯಾಪಾರವನ್ನು ಬಿಟ್ಟುಕೊಡುತ್ತಾನೆ. ಅಂಥವನು ನಿಮ್ಮ ಊರಿನಲ್ಲಿದ್ದರೆ, ಆನ್‌ಲೈನ್ ಪೇಟೆಯಲ್ಲಿ ಸಾವಿರ ರೂಪಾಯಿ ಕಡಿಮೆಗೆ ಸಿಗುವುದೆಂದು ಅವನನ್ನು ಬಿಟ್ಟುಹೋಗದಿರುವುದು ಲೇಸು. ಆ ಸಾವಿರ ರೂಪಾಯಿಗೆ ದೊರೆಯುವುದು ಕಾರ್ಡಲ್ಲ, ಒಂದು ಋತುವಿನ ನೆಮ್ಮದಿ.