ತೋಟದ ವೀಸಾ: ಹತ್ತು ಮಂದಿಯ ಲೆಕ್ಕ

ಅಲ್ ಹಸಾದ ಖರ್ಜೂರದ ತೋಟವೊಂದರಲ್ಲಿ ರಾಯಚೂರು ಕಡೆಯವರೊಬ್ಬರು ಸಿಕ್ಕಿದ್ದರು. "ರಜಾ ಕೇಳಿದ್ರ ಕಾನೂನು ನಿನಗಿಲ್ಲ ಅಂತಾರ್ರಿ, ಖರೇನ್ರಿ?" ಎಂದರು. ಮನೆಗೆ ಬಂದು ಓದಿ ನೋಡಿದೆ.

ಸೌದಿಯ 2005ರ ಕಾರ್ಮಿಕ ಕಾನೂನಿನಲ್ಲಿ ದಿನಕ್ಕೆ 8 ಗಂಟೆ ದುಡಿಮೆ, ವಾರದ ಬಿಡುವು, ವರ್ಷಕ್ಕೆ 21 ದಿನ ಸಂಬಳಸಹಿತ ರಜೆ ಇದೆ. ಆದರೆ ಕೃಷಿ ಕೆಲಸದವರಲ್ಲಿ ಇದು ಮೂರು ಬಗೆಯವರಿಗೆ ಮಾತ್ರ: 10 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಯವರು, ತನ್ನ ಬೆಳೆಯನ್ನು ತಾನೇ ಸಂಸ್ಕರಿಸುವ ಸಂಸ್ಥೆಯವರು, ಕೃಷಿ ಯಂತ್ರಗಳನ್ನು ಖಾಯಂ ಆಗಿ ನಡೆಸುವ ಇಲ್ಲವೇ ರಿಪೇರಿ ಮಾಡುವವರು. ಅವರ ತೋಟದಲ್ಲಿದ್ದವರು ಮೂವರೇ, ಕೆಲಸ ನೀರು ಹಾಯಿಸುವುದು. 2021ರಲ್ಲಿ ಕಫೀಲನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವ ಅವಕಾಶ ಬಂದಾಗಲೂ ಇಂಥವರು ಹೊರಗುಳಿದರು.

ಊರಿನಿಂದ ಯಾರಾದರೂ ತೋಟದ ವೀಸಾಕ್ಕೆ ಹೊರಟರೆ, ಸಂಬಳಕ್ಕಿಂತ ಮೊದಲು ಇದನ್ನು ಕೇಳಿಸಿ: ಅಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ?