ವೈದ್ಯ ವಿದ್ಯಾರ್ಥಿಗಳ ವೃತ್ತಿನಡತೆ: ದೂರು ಮತ್ತು ವಿಚಾರಣೆ

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳನ್ನೊಳಗೊಂಡ ಬೀದರ್ ಜಿಲ್ಲೆಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 2007ರಲ್ಲಿ. ಇಂತಹ ಕಾಲೇಜುಗಳಲ್ಲಿ ವಿದ್ಯಾರ್ಥಿ ಕಲಿಯುವುದು ರೋಗಿಯ ಹಾಸಿಗೆಯ ಬಳಿಯಲ್ಲಿ. ಆದಕಾರಣ ಅವನ ನಡತೆಯೂ ಶಿಕ್ಷಣದ ವಿಷಯವೇ ಆಗಿದೆ.

ನಡತೆಯನ್ನು ಕುರಿತ ದೂರುಗಳಲ್ಲಿ ಎರಡು ಬಗೆಗಳನ್ನು ಗುರುತಿಸಬಹುದು. ಮೊದಲನೆಯದು ರ‍್ಯಾಗಿಂಗ್. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯು ಇದನ್ನು ಶಿಕ್ಷಾರ್ಹ ಅಪರಾಧವೆಂದು ಪರಿಗಣಿಸಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯು ಇಂತಹ ಅಪರಾಧದ ಬಗ್ಗೆ 24 ಗಂಟೆಗಳೊಳಗೆ ಪೊಲೀಸರಿಗೆ ದೂರು ಸಲ್ಲಿಸುವ ಹೊಣೆಯನ್ನು ಸಂಸ್ಥೆಯ ಮುಖ್ಯಸ್ಥರಿಗೆ ವಹಿಸಿತು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2021ರಲ್ಲಿ ವೈದ್ಯಕೀಯ ಕಾಲೇಜುಗಳಿಗೆಂದೇ ನಿಯಮಗಳನ್ನು ಹೊರಡಿಸಿತು.

ರೋಗಿಯನ್ನು ಗದರಿಸುವುದು, ಪರೀಕ್ಷಿಸದೆಯೇ ರೋಗವಿವರ ಬರೆಯುವುದು, ಸಹಪಾಠಿಯ ಹಾಜರಿ ಹಾಕುವುದು ಎರಡನೆಯ ಬಗೆಗೆ ಸೇರುತ್ತವೆ. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮವು ಮನೋಭಾವ, ನೀತಿ, ಸಂವಹನಗಳನ್ನು ಬೋಧನೆಯ ಅಂಗವಾಗಿಸಿತು; ಆದರೆ ಬೋಧನೆಯೊಂದೇ ಸಾಲದು. ಮೊದಲ ತಪ್ಪಿಗೆ ತಿಳಿವಳಿಕೆ, ಮರುಕಳಿಸಿದರೆ ಲಿಖಿತ ದಾಖಲೆ, ರೋಗಿಗೆ ಅಪಾಯವಿದ್ದಲ್ಲಿ ತಕ್ಷಣದ ಕ್ರಮ ಎಂಬ ಮೆಟ್ಟಿಲುಗಳು ಅಗತ್ಯ. ಆರೋಪಕ್ಕೆ ಒಳಗಾದವನ ಮಾತನ್ನೂ ಆಲಿಸಬೇಕು. ಆಂತರಿಕ ಅಂಕ ನೀಡುವವರೇ ದೂರು ಸ್ವೀಕರಿಸುವವರೂ ಆದಲ್ಲಿ ಕಿರಿಯರು ಬಾಯಿ ತೆರೆಯಲಾರರು.

ಈ ಎರಡು ಬಗೆಗಳನ್ನು ಬೆರೆಸಿದರೆ ಅಪರಾಧವು ಬುದ್ಧಿಮಾತಿನಲ್ಲಿ ಮುಗಿದುಹೋಗುತ್ತದೆ. ತಿದ್ದಬಹುದಾದ ತಪ್ಪು ಶಿಕ್ಷೆಯ ಭಯದಿಂದ ಮುಚ್ಚಿಹೋಗುತ್ತದೆ. ಎರಡರ ಹಾನಿಯೂ ಕೊನೆಗೆ ತಟ್ಟುವುದು ರೋಗಿಗೇ.